ಚಿರೇಕಲ್ಲಿನ ಹಳೆ ಗೋಡೆಗೆ ಸಿಮೆಂಟ್ ಬೇಡ, ಸುಣ್ಣ ಸಾಕು

ಕಾರವಾರದಿಂದ ಭಟ್ಕಳದವರೆಗೆ ಎಲ್ಲೇ ಹಳೆ ಮನೆ ರಿಪೇರಿಗೆ ಕೈಹಾಕಿದರೂ ಮೊದಲು ಸಿಗುವ ಸಲಹೆ ಒಂದೇ: "ಹಂಚು ಇಳಿಸಿ ಸ್ಲ್ಯಾಬ್ ಹಾಕಿ, ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ." ಐವತ್ತು ಕೆಜಿಯ ಒಂದು ಚೀಲ ಸಾದಾ ಸಿಮೆಂಟ್ ತಯಾರಾಗುವಷ್ಟರಲ್ಲಿ ಸುಮಾರು 40 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಅದು ಹಾಗಿರಲಿ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಚಿರೇಕಲ್ಲಿನ (ಲ್ಯಾಟರೈಟ್, ಕೆಂಪುಕಲ್ಲಿನ) ಗೋಡೆಯನ್ನು ಹಾಳುಮಾಡುವುದೂ ಅದೇ ಸಿಮೆಂಟ್.

ಚಿರೇಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಬುಡದಿಂದ ತೇವ ಏರುತ್ತದೆ, ಬೇಸಿಗೆಯಲ್ಲಿ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ಆ ನೀರಿನಲ್ಲಿ ಕರಗಿದ ಉಪ್ಪು ಗಿಲಾವಿನ ಹಿಂದೆಯೇ ಹರಳುಗಟ್ಟಿ ಅದನ್ನು ಮುಂದಕ್ಕೆ ದೂಡುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಹಿಟ್ಟು ಉದುರುವುದು ಇದರಿಂದಲೇ. ಗಜನಿಯ, ಅಂದರೆ ಉಬ್ಬರದ ಉಪ್ಪುನೀರು ಬರುವ ಗದ್ದೆಯ, ಪಕ್ಕದ ಮನೆಗಳಲ್ಲಿ ಇದು ಇನ್ನೂ ಬೇಗ. ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ತೇವ ಇನ್ನೊಂದು ಅಡಿ ಮೇಲೇರುತ್ತದೆ, ಅಷ್ಟೇ.

ಕೆಲಸ ನವೆಂಬರಿನಲ್ಲಿ ಶುರುವಾಗಬೇಕು. ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗಿಲಾವು ಬಿಟ್ಟಿದೆ ಎಂದರ್ಥ. ಅಲ್ಲಿಂದ ಉಳಿಯನ್ನು ಓರೆ ಹಿಡಿದು ಸಿಮೆಂಟ್ ಎಬ್ಬಿಸಿ. ಬ್ರೇಕರ್ ಮಷಿನ್ ಬೇಡವೇ ಬೇಡ: ಕಲ್ಲಿನ ಅಂಚು ಪುಡಿಯಾಗುತ್ತದೆ, ಸಂದಿಯ ಮಣ್ಣು ಅದುರಿ ಸಡಿಲಾಗುತ್ತದೆ. ಸಂದಿಗಳನ್ನು ಮುಕ್ಕಾಲು ಇಂಚು ಕೆರೆದು, ಎರಡು ತಿಂಗಳು ಗೋಡೆಯನ್ನು ಬರಿದೇ ಆರಲು ಬಿಡಿ. ಮೇಲೆ ಬರುವ ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಗಾವಂಡಿಗಳು ಅವಸರ ಮಾಡುವುದು ಇಲ್ಲೇ. ದಯವಿಟ್ಟು ಈ ಎರಡು ತಿಂಗಳನ್ನು ಬಿಟ್ಟುಕೊಡಬೇಡಿ.

ಅಷ್ಟರಲ್ಲಿ ಸುಣ್ಣ ಅರಳಿಸಿಡಬಹುದು. ಚಿಪ್ಪಿ ಸುಣ್ಣವಾದರೂ ಸರಿ, ಕಲ್ಲುಸುಣ್ಣವಾದರೂ ಸರಿ, ಚೆನ್ನಾಗಿ ಸುಟ್ಟದ್ದಾಗಿರಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕುದಿಯುವ ಬಿಸಿಗೆ ಪ್ಲಾಸ್ಟಿಕ್ ಡ್ರಮ್ ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕಡ್ಡಾಯ. ತಣಿದ ಮೇಲೆ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ಮೂರು ವಾರ ಇಡಿ. ಅರಳದೆ ಉಳಿದ ಕಾಳು ಗೋಡೆಗೆ ಹೋದರೆ ಅಲ್ಲಿ ಅರಳಿ, ಗುಳ್ಳೆಯೆದ್ದು ಸಿಡಿದು ಬೀಳುತ್ತದೆ.

ಒಡೆದ ಹಂಚನ್ನು ಎಸೆಯಬೇಡಿ. ನುಣ್ಣಗೆ ಪುಡಿಮಾಡಿ ಜರಡಿ ಹಿಡಿದರೆ ಅದೇ ಸುರ್ಕಿ. ತೇವದಲ್ಲೂ ಗಾರೆ ಬಿಗಿಯಲು ಅದು ಬೇಕು. ಅಳತೆ: ಸುಣ್ಣ ಒಂದು, ಸುರ್ಕಿ ಒಂದು, ಹೊಯ್ಗೆ (ಮರಳು) ಎರಡು. ನೂರು ಚದರಡಿ ಗೋಡೆಗೆ 20 ಮಿಮೀ ದಪ್ಪಕ್ಕೆ ಸುಮಾರು 70 ಲೀಟರ್ ಸುಣ್ಣದ ಮುದ್ದೆ, ಅಷ್ಟೇ ಸುರ್ಕಿ, 140 ಲೀಟರ್ ಹೊಯ್ಗೆ ಬೇಕಾಗುತ್ತದೆ. ಕಾಳಿ ನದಿಯದಿರಲಿ, ಅಘನಾಶಿನಿಯದಿರಲಿ, ಉಬ್ಬರದ ಉಪ್ಪುನೀರು ಬರುವ ಕಡೆಯ ಹೊಯ್ಗೆಯನ್ನು ಸಿಹಿನೀರಿನಲ್ಲಿ ತೊಳೆಯದೆ ಬಳಸಿದರೆ ತೆಗೆದ ಉಪ್ಪನ್ನೇ ಮತ್ತೆ ಹಚ್ಚಿದಂತೆ. ಕಬ್ಬಿಣದ ಸರಳಿರುವ ಕಾಂಕ್ರೀಟಿಗಂತೂ ಅದು ಸಲ್ಲದು, ಸರಳು ತುಕ್ಕು ಹಿಡಿಯುತ್ತದೆ. ಸ್ಲ್ಯಾಬಿನ ಕೆಲಸ ಬೇಕೇಬೇಕು ಎಂದಾದಲ್ಲಿ ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ್ದು) ತನ್ನಿ; ಕಡಲಿನ ಗಾಳಿಗೆ ಅದು ಮೇಲು, ಇಂಗಾಲವೂ ಕಡಿಮೆ.

ಹಿಂದಿನ ಸಂಜೆ ಗೋಡೆ ನೆನೆಸಿ, ಮರುದಿನ ಒಂದು ಕೈ 10 ಮಿಮೀ ಮೀರದಂತೆ ಬಳಿಯಿರಿ. ಎರಡನೇ ಕೈ ಒಂದು ವಾರದ ಮೇಲೆ. ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿಯೂ ಬೇಕು, ತೇವವೂ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಉಗುರಿನಿಂದ ಕೆರೆದರೂ ಪುಡಿ ಉದುರುತ್ತದೆ. ಆದ್ದರಿಂದ ಒದ್ದೆ ಗೋಣಿ ತೂಗುಹಾಕಿ ಕನಿಷ್ಠ ಒಂದು ವಾರ ನೀರು ಚಿಮುಕಿಸಬೇಕು. ಕೊನೆಗೆ ಹಾಲಿನಷ್ಟು ತೆಳ್ಳಗಿನ ಸುಣ್ಣ, ನಾಲ್ಕು ಕೈ. ಬಟ್ಟೆಗೆ ಮೆತ್ತುವ ಸುಣ್ಣ ಎಂದರೆ ದಪ್ಪ ಬಳಿದ ಸುಣ್ಣವೇ.

ಮಾಡಿನ ಹಂಚು ಬೆರಳಿಂದ ತಟ್ಟಿದಾಗ ಠಣ್ ಎಂದರೆ ಗಟ್ಟಿ, ಬದ್ ಎಂದರೆ ಬಿರುಕು. ಪಾಚಿಯನ್ನು ಬೇಸಿಗೆಯಲ್ಲಿ ಒಣ ಬ್ರಷ್‌ನಿಂದ ತಿಕ್ಕಿ. ಪ್ರೆಶರ್ ಪಂಪಿನ ನೀರು ಹಂಚಿನ ಮೇಲ್ಪದರವನ್ನೇ ಕಿತ್ತುಬಿಡುತ್ತದೆ. ಬದಲಿ ಹಂಚು ಬೇಕಾದರೆ ಬೆನ್ನಿನ ಮುದ್ರೆ ನೋಡಿ, ಅದೇ ಕಾರ್ಖಾನೆಯದನ್ನು ಕೆಡವಿದ ಮನೆಗಳಿಂದ ಹುಡುಕಿ ತನ್ನಿ. ಬೇರೆಯವರ ಅಚ್ಚಿನ ಹಂಚಿನ ಗಾಡಿ (ಒಂದಕ್ಕೊಂದು ಕೂರುವ ತೋಡು) ಹೊಂದುವುದಿಲ್ಲ, ಸಂದಿನಲ್ಲಿ ನೀರು ನುಗ್ಗುತ್ತದೆ. ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳ ಅಂತರ ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು; ಆದರೂ ನಿಮ್ಮದೇ ಎರಡು ಹಂಚು ಜೋಡಿಸಿ ಅಳೆದು ಹೊಡೆಸಿ. ಕಡಲ ದಂಡೆಯಲ್ಲಿ ಕಬ್ಬಿಣದ ಮೊಳೆ ಬಾಳುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಮೊಳೆಯೇ ಬೇಕು. ರೀಪನ್ನು ಹೊರುವ ಇಳಿಜಾರು ಮರವಾದ ಪಕಾಸಿಗೆ ಒರಲೆ (ಗೆದ್ದಲು) ತಾಗದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಕೈ ಸಾಕು. ಚರ್ಮ ಸುಡುವ ಎಣ್ಣೆಯಾದ್ದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ಕತ್ತಲೆಯ ಅಡುಗೆಮನೆಗೆ ಎರಡು ಗಾಜಿನ ಹಂಚು ಹಾಕಿಸಿದರೆ ಹಗಲು ದೀಪ ಬೇಡ.

ಗಾರೆ ಕೆಲಸ ಮಾರ್ಚ್ ಒಳಗೆ ಮುಗಿಯಲಿ. ಮೊದಲ ಮಳೆಗಾಲದಲ್ಲಿ ಹೊಸ ಗಾರೆ ಇನ್ನೂ ಎಳೆಯದು, ಪಡುವಣದ ಇರಚಲಿಗೆ ನೇರ ಸಿಕ್ಕಬಾರದು. ಆ ಬದಿಗೆ ಹಿಂದಿನಂತೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟಿ. ಗೋಡೆಗೂ ತಟ್ಟಿಗೂ ನಡುವೆ ಗಾಳಿಯಾಡಲು ಒಂದು ಗೇಣು ಜಾಗ ಬಿಡಿ.