ಟಿವಿ ಹಳೇದು, ಪೋರ್ಟ್ ಒಂದೇ

ಹಳೇ ಟಿವಿಯ ಹಿಂದೆ ಎಚ್‌ಡಿಎಂಐ ಪೋರ್ಟ್ ಇರುವುದು ಒಂದೇ. ಸೆಟ್‌ಟಾಪ್ ಬಾಕ್ಸ್, ಗೇಮ್ ಕನ್ಸೋಲ್, ಸ್ಟ್ರೀಮಿಂಗ್ ಸ್ಟಿಕ್ ಮೂರಕ್ಕೂ ಅದೇ ಬೇಕು. ಹಾಗಾಗಿ ಎಲ್ಲವನ್ನೂ ರಿಸೀವರ್‌ಗೆ (ಸ್ಪೀಕರ್‌ಗಳನ್ನು ನುಡಿಸುವ, ಹಲವು ಇನ್‌ಪುಟ್ ಇರುವ ಪೆಟ್ಟಿಗೆ) ಚುಚ್ಚಿ, ಅಲ್ಲಿಂದ ಟಿವಿಗೆ ಒಂದೇ ಕೇಬಲ್ ಎಳೆದಿದ್ದೇನೆ. ಈಗ ಟಿವಿ ಸುಮ್ನೆ ಒಂದೇ ಇನ್‌ಪುಟ್‌ನಲ್ಲಿ ಕೂತಿರುತ್ತದೆ, ಬದಲಾಯಿಸುವ ಕೆಲಸವೆಲ್ಲ ರಿಸೀವರ್‌ದು.

ಹೊಸ ಟಿವಿ ತಗೊಳ್ಳಿ ಅನ್ನುವವರೇ ಜಾಸ್ತಿ. ಚಿತ್ರ ಚೆನ್ನಾಗಿಯೇ ಬರುತ್ತಿರುವಾಗ, ಬರೀ ತೂತು ಸಾಲದು ಅಂತ ಟಿವಿ ಎಸೆಯುವುದು ಯಾವ ನ್ಯಾಯ, ಅಲ್ವಾ?

ತಲೆನೋವು ಏನಿದ್ದರೂ ಹಳೇ ಡಿವಿಡಿ ಪ್ಲೇಯರ್‌ದು. ಅದರ ಕಾಂಪೊನೆಂಟ್ ವೈರಿನಲ್ಲಿ ಹಸಿರು, ನೀಲಿ, ಕೆಂಪು ಮೂರೂ ಚಿತ್ರಕ್ಕೇ, ಧ್ವನಿಗೆ ಬೇರೆ ಬಿಳಿ-ಕೆಂಪು ಜೋಡಿ, ಅಂದರೆ ಕೆಂಪು ಪಿನ್ ಎರಡು, ನೋಡೋಕೆ ಎರಡೂ ಒಂದೇ ಥರ! ಧ್ವನಿಯದಕ್ಕೆ ಟೇಪ್ ಸುತ್ತಿಟ್ಟಿದ್ದೇನೆ. ಇಷ್ಟಾದರೂ ಕಾಂಪೊನೆಂಟ್‌ನಲ್ಲಿ ಬಂದ ಚಿತ್ರವನ್ನು ಎಚ್‌ಡಿಎಂಐಗೆ ತಿರುಗಿಸಿ ಕೊಡುವುದು ಎಲ್ಲ ರಿಸೀವರ್‌ಗಳಿಗೂ ಬರುವುದಿಲ್ಲ. ಬರದಿದ್ದರೆ ಧ್ವನಿ ಕೇಳುತ್ತದೆ, ಪರದೆ ಮಾತ್ರ ಕಪ್ಪು. ಆಗ ಟಿವಿಗೂ ಒಂದು ಕಾಂಪೊನೆಂಟ್ ವೈರ್ ಎಳೆಯಲೇಬೇಕು.

ಹಾಂ, ಎಆರ್‌ಸಿ, ಅಂದರೆ ಟಿವಿಯ ಧ್ವನಿಯನ್ನು ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ರಿಸೀವರ್‌ಗೆ ವಾಪಸ್ ಕಳಿಸುವ ಸೌಲಭ್ಯ, ಬಂದದ್ದು 2009ರ ಎಚ್‌ಡಿಎಂಐ 1.4ರಲ್ಲಿ. ಅದಕ್ಕೂ ಹಳೇ ಟಿವಿಯಾದರೆ, ಅದರ ಧ್ವನಿಯನ್ನು ರಿಸೀವರ್‌ಗೆ ವಾಪಸ್ ಕಳಿಸಲು ಆಪ್ಟಿಕಲ್ ಕೇಬಲ್ ಬೇರೆ ಹಾಕಬೇಕು.