ಗುದ್ದಲಿಯವನ ಬಾಯಿಗೆ ಬೀಡಿ

ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡರೆಂದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ನನಗೆ ಮೊದಲು ನೆನಪಾದದ್ದು ಅವರ ಮೇಜಿನ ಹಿಂದೆ ಇದ್ದ ಗುದ್ದಲಿಯವನ ಚಿತ್ರ.

ಫ್ರಾನ್ಸಿನ ಮಿಲೇ ಬರೆದ ಚಿತ್ರದ ಪ್ರಿಂಟು ಅದು. ಎಲ್ಲಿಂದ ತಂದಿದ್ದರೋ, ರಟ್ಟಿಗೆ ಅಂಟಿಸಿ ಗೋಡೆಗೆ ಮೊಳೆ ಹೊಡೆದಿದ್ದರು. ಕಲ್ಲು ಮುಳ್ಳಿನ ಹೊಲ. ನಡು ಬಗ್ಗಿಸಿ, ಎರಡೂ ಕೈಯನ್ನು ಗುದ್ದಲಿಯ ಕಾವಿನ ಮೇಲೆ ಊರಿ ನಿಂತ ಆಳು. ಕಾಲಲ್ಲಿ ಮರದ ಜೋಡು. ಉಸಿರು ಸಾಲದೆ ಬಾಯಿ ಅರ್ಧ ತೆರೆದಿದೆ. ದೂರದಲ್ಲಿ ಕಳೆ ಸುಡುವ ಹೊಗೆ. 1863ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಇದನ್ನು ಇಟ್ಟಾಗ ವಿಮರ್ಶಕರು ಹರಿಹಾಯ್ದರಂತೆ. ಇಂಥ ಕುರೂಪದ ಆಳನ್ನು ಯಾಕೆ ಬರೆಯಬೇಕು, ಇದರಲ್ಲಿ ಏನೋ ರಾಜಕೀಯ ಇದೆ ಅಂತ. ಮಿಲೇ ಸ್ವತಃ ನಾರ್ಮಂಡಿಯ ರೈತನ ಮಗ. ಇದನ್ನು ಹೇಳುವಾಗ ಮೇಷ್ಟ್ರ ದನಿ ಏರುತ್ತಿತ್ತು.

ಹಿಂದಿನ ಬೆಂಚಿನವರಿಗೆ ಆ ತೆರೆದ ಬಾಯಿ ನೋಡಿ ಸುಮ್ನೆ ಇರಲಾಗಲಿಲ್ಲ. ಒಂದು ಮಧ್ಯಾಹ್ನ ಒಬ್ಬ ಕಪ್ಪು ಶಾಯಿಯಲ್ಲಿ ಬೀಡಿ ಇಟ್ಟ. ಹೊಗೆ ಹೇಗೂ ಇತ್ತಲ್ಲ! ಮೇಷ್ಟ್ರು ಬೆತ್ತ ಮುಟ್ಟಲಿಲ್ಲ. ಬೆರಳಿಗೆ ಶಾಯಿ ಹತ್ತಿದವನನ್ನು ಹುಡುಕಿದರು. ಶಾಲೆ ತೋಟದಿಂದ ಗುದ್ದಲಿ ತರಿಸಿದರು.

"ಬಾರಪ್ಪ, ಇವನ ಹಾಗೇ ನಿಂತ್ಕೋ. ಉಳಿದವರು ಬರೀರಿ."

ಮೊದಲು ಎಲ್ಲರಿಗೂ ನಗು. ಸ್ವಲ್ಪ ಹೊತ್ತಿಗೆ ಅವನ ಮೊಣಕಾಲು ನಡುಗತೊಡಗಿತು. ಕತ್ತು ಮುಂದಕ್ಕೆ ಬಂತು. ಬಾಯಿ ತಾನಾಗಿಯೇ ತೆರೆಯಿತು. "ಈಗ ನೋಡ್ರೋ, ಭಾರ ಎಲ್ಲಿ ಬೀಳ್ತಿದೆ" ಎಂದರು ಮೇಷ್ಟ್ರು. ಎಲ್ಲ ಅಂಗೈ ಮೇಲೆ. ಕಣ್ಣು ಮೂಗು ಆಮೇಲೆ, ಮೊದಲು ಬೆನ್ನಿನ ಗೆರೆ ಸಿಗಬೇಕು ಎಂದು ನನಗೆ ಗೊತ್ತಾದದ್ದು ಅವತ್ತು. ನೋಟಿಸ್ ಬೋರ್ಡಿಗೆ ಹೋದದ್ದು ನನ್ನ ಚಿತ್ರ. ಹೇಳಿಕೊಳ್ಳಬಾರದು, ಆದರೂ ಹೇಳುತ್ತಿದ್ದೇನೆ. ಮುಂದೆ ಡ್ರಾಯಿಂಗ್ ಹೈಯರ್ ಪರೀಕ್ಷೆಯನ್ನೂ ಒಳ್ಳೇ ಅಂಕದಲ್ಲಿ ಪಾಸು ಮಾಡಿದೆ. ಆ ವರ್ಷ ಬೀಜಗಣಿತದಲ್ಲಿ ಏನು ಕಲಿತೆವೋ ದೇವರೇ ಬಲ್ಲ.

ನನ್ನ ಮಗಳ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಟೈಮ್‌ಟೇಬಲ್ಲಿನಲ್ಲಿ ಮಾತ್ರ ಇದೆ. ಪರೀಕ್ಷೆ ಹತ್ತಿರ ಬಂದರೆ ಗಣಿತದವರು ತೆಗೆದುಕೊಳ್ಳುತ್ತಾರೆ. ಪ್ರಾಜೆಕ್ಟಿಗೆ ಬೇಕಾದ ಚಿತ್ರವನ್ನು ಸೈಬರ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿದರೆ ಆಯ್ತು. ಕೈಯಲ್ಲಿ ಬರೆದವರಿಗಿಂತ ಅವರಿಗೇ ಅಂಕ ಜಾಸ್ತಿ. ಮಕ್ಕಳದ್ದೇನು ತಪ್ಪಿದೆ, ಅಲ್ವಾ?

ಮಿಲೇಯ ಮೂಲ ಚಿತ್ರ ಈಗ ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂನಲ್ಲಿದೆ. ನಮ್ಮ ರಟ್ಟಿನದು ಕೋಣೆಗೆ ಸುಣ್ಣ ಹೊಡೆಸಿದಾಗ ಎಲ್ಲೋ ಹೋಯಿತಂತೆ. ಮೇಷ್ಟ್ರ ಹೆಸರಲ್ಲಿ ಒಂದು ಹೊಸ ಪ್ರಿಂಟು ಕೊಡಿಸೋಣ ಎಂದು ಗುಂಪಿನಲ್ಲಿ ಮಾತಾಗಿದೆ. ಮೊದಲು ದುಡ್ಡು ಕಳಿಸಿದವನು ಬೀಡಿ ಇಟ್ಟವನೇ. ಗಾಜು ಹಾಕಿಸಿಯೇ ಕೊಡಬೇಕು ಎಂದು ಹಟ ಹಿಡಿದವನೂ ಅವನೇ.