ತಿರುವಿ ಹಾಕದ ಚೀಲ

ನಮ್ಮಪ್ಪ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ 22 ವರ್ಷ ಹಮಾಲಿ ಮಾಡಿದ. ಈಗ ಅದೇ ಊರಿನ ಮೂರು ಗಿರಣಿಗಳ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ತೂಕದ ಚೀಟಿ, ಲಾರಿ ಲೆಕ್ಕ, ಬಿಲ್ಲು ಎಲ್ಲ ಒಂದು ಸಣ್ಣ ಲಿನಕ್ಸ್ ಸರ್ವರ್ ಮೇಲೆ ನಡೆಯುತ್ತದೆ. 2022ರ ಮಾರ್ಚ್‌ನಲ್ಲಿ ಆ ಸರ್ವರ್ ಮುಂದೆ ಕೂತು ‘ಡರ್ಟಿ ಪೈಪ್’ ಎಂಬ ಲಿನಕ್ಸ್ ದೋಷದ ವಿವರ ಓದುತ್ತಿದ್ದೆ. ಅರ್ಧ ಓದುವಷ್ಟರಲ್ಲಿ ಅಪ್ಪನ ಚೀಲ ನೆನಪಾಯಿತು.

ಮೊದಲು ಆ ಚೀಲದ ಕತೆ ಹೇಳಿಬಿಡ್ತೀನಿ.

ಅಪ್ಪನ ಗಿರಣಿಯಲ್ಲಿ ಅರ್ಧಂಬರ್ಧ ತುಂಬಿದ ಚೀಲಕ್ಕೆ ನೀಲಿ ಬಣ್ಣದ ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಇದ್ದರೆ, ಇದರಲ್ಲಿ ಇನ್ನೂ ಜಾಗ ಇದೆ, ಉಳಿದ ಭತ್ತ ಇದಕ್ಕೇ ಸುರುವಿ ಅಂತ ಅರ್ಥ. ಚೀಲ ಖಾಲಿ ಮಾಡಿದವರು ಅದನ್ನು ಒಳಹೊರಗು ತಿರುವಿ ಇಡಬೇಕು. ಆಗ ಗೆರೆ ಕಾಣುವುದಿಲ್ಲ. ಒಂದು ಸಲ ಯಾರೋ ತಿರುವಲಿಲ್ಲ. ಅದೇ ಚೀಲದಲ್ಲಿ ಕಾರಟಗಿ ಕಡೆಯ ರೈತರೊಬ್ಬರ ಬಿತ್ತನೆ ಭತ್ತ ಹಾಕಿ ಇಟ್ಟಿದ್ದರು. ಸೋನಾ ಮಸೂರಿ. ಬಾಯಿ ಇನ್ನೂ ಹೊಲಿದಿರಲಿಲ್ಲ. ಸಂಜೆ ಅಪ್ಪ ಗೆರೆ ನೋಡಿದ. ಬೇರೆ ತಳಿಯ ಎರಡು ಬುಟ್ಟಿ ಭತ್ತ ಅದಕ್ಕೆ ಸುರುವಿದ. ದಬ್ಬಣ ತಗೊಂಡು ಬಾಯಿ ಹೊಲಿದ.

ಗೊತ್ತಾದದ್ದು ಗದ್ದೆಯಲ್ಲಿ. ಕೆಲವು ಪೈರು ತೆನೆ ಬಾಗಿ ನಿಂತಿವೆ, ಪಕ್ಕದವು ಇನ್ನೂ ಹಸಿರು. ಆ ರೈತರು ಗಿರಣಿ ಬಾಗಿಲಲ್ಲಿ ಕಣ್ಣೀರು ಹಾಕಿದರಂತೆ. ಬೈಗುಳ ಪೂರ್ತಿ ಅಪ್ಪನಿಗೆ. ಎರಡು ವಾರದ ಕೂಲಿ ಹಿಡಿದರು. “ಗೆರಿ ಇತ್ತಲ್ರೀ, ಅದಕ್ಕ ಸುರುವಿದ್ನಿರಿ” ಅಂತ ಅಪ್ಪ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಆಗ ನಾನು ಆರನೇ ಕ್ಲಾಸು.

ಈಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ವಿಷಯಕ್ಕೆ ಬರ್ತೀನಿ. ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಂಗೆ ಏನು ಬೇಕಾದರೂ ಕರ್ನಲ್ ಕೈಯಿಂದಲೇ ಸಿಗಬೇಕು. ಒಂದು ಫೈಲನ್ನು ಡಿಸ್ಕ್‌ನಿಂದ ಒಮ್ಮೆ ಓದಿದರೆ ಕರ್ನಲ್ ಅದನ್ನು ಪುಟ ಪುಟವಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ಆಮೇಲೆ ಆ ಫೈಲ್ ಕೇಳಿದವರಿಗೆಲ್ಲ ಅದೇ ಪುಟ ತೋರಿಸುತ್ತದೆ. ಹಾಗಾಗಿ ಆ ಪುಟ ಕೆಟ್ಟರೆ ಎಲ್ಲರಿಗೂ ಕೆಟ್ಟಂತೆ.

ಪೈಪ್ ಅಂದರೆ ಒಂದು ಪ್ರೋಗ್ರಾಂ ಸುರುವಿದ್ದನ್ನು ಇನ್ನೊಂದು ತೆಗೆದುಕೊಳ್ಳುವ ದಾರಿ. ಅದರೊಳಗೆ ಮಾಮೂಲಾಗಿ 16 ಖಾನೆ ಇರುತ್ತವೆ. ಖಾಲಿಯಾದ ಖಾನೆಗಳೇ ಸುತ್ತಿ ಸುತ್ತಿ ಮತ್ತೆ ಬಳಕೆಗೆ ಬರುತ್ತವೆ, ನಮ್ಮ ಗೋಣಿಚೀಲಗಳ ಹಾಗೆ. ಒಂದೊಂದು ಖಾನೆಗೂ ಒಂದು ಗುರುತಿನ ಜಾಗ ಇದೆ. ‘ಇದರಲ್ಲಿ ಜಾಗ ಇದೆ, ಮುಂದೆ ಬಂದದ್ದನ್ನೂ ಇದಕ್ಕೇ ಸೇರಿಸು’ ಎಂಬುದು ಅಲ್ಲಿ ಹಾಕುವ ಒಂದು ಗುರುತು. ನೀಲಿ ಗೆರೆಯೇ ಅಲ್ವಾ?

ಪೈಪ್‌ಗೆ ಫೈಲ್ ಕಳಿಸಲು ಸ್ಪ್ಲೈಸ್ ಎಂಬ ಒಂದು ವೇಗದ ದಾರಿಯೂ ಇದೆ. ಅದು ಏನನ್ನೂ ನಕಲು ಮಾಡುವುದಿಲ್ಲ. ಮೆಮೊರಿಯಲ್ಲಿರುವ ಆ ಫೈಲಿನ ಪುಟವನ್ನೇ ಖಾನೆಗೆ ಜೋಡಿಸಿಬಿಡುತ್ತದೆ. ಪುಟ ಪರರದ್ದು. ಅದರ ಮೇಲೆ ಯಾರೂ ಬರೆಯಬಾರದು. ಹಾಗೆ ಜೋಡಿಸುವಾಗ ಖಾನೆಯ ಹಳೇ ಗುರುತು ಅಳಿಸಬೇಕಿತ್ತು. ಅಳಿಸಲಿಲ್ಲ. ಅಷ್ಟೇ ದೋಷ.

ಈ ಮರೆವು 2016ರಲ್ಲಿ ಬಂದ ಕರ್ನಲ್‌ನ 4.9 ಆವೃತ್ತಿಯಿಂದಲೇ ಇತ್ತು. ಆಗ ಅದರಿಂದ ಏನೂ ಆಗಲಿಲ್ಲ, ಯಾಕಂದ್ರೆ ‘ಸೇರಿಸು’ ಎಂಬ ಗುರುತೇ ಆಗ ಇರಲಿಲ್ಲ. 2020ರ 5.8ರಲ್ಲಿ ಆ ಗುರುತು ಬಂತು. ಬೇರೆ ಕಾಲದಲ್ಲಿ, ಬೇರೆ ಕಾರಣಕ್ಕೆ ಮಾಡಿದ ಎರಡು ಬದಲಾವಣೆ. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಎರಡೂ ಸೇರಿದ ಮೇಲೆ, ಓದಲು ಮಾತ್ರ ಅನುಮತಿ ಇರುವ ಫೈಲಿನ ಮೇಲೆ ಯಾವ ಸಾಮಾನ್ಯ ಬಳಕೆದಾರ ಬೇಕಾದರೂ ಬರೆಯುವಂತಾಯಿತು. ಪಾಸ್‌ವರ್ಡ್ ಫೈಲಿನ ಕೆಲವೇ ಅಕ್ಷರ ಬದಲಿಸಿದರೆ ಸಾಕು, ಇಡೀ ಯಂತ್ರ ಅವನ ಕೈಗೆ. ಇನ್ನೊಂದು ವಿಷಯ ನನಗೆ ಜಾಸ್ತಿ ಭಯ ಹುಟ್ಟಿಸಿತು. ಪುಟ ಬದಲಾಗಿದೆ ಅಂತ ಕರ್ನಲ್‌ಗೇ ತಿಳಿಯುವುದಿಲ್ಲ. ಡಿಸ್ಕ್‌ನಲ್ಲಿ ಹಳೆಯದೇ ಇರಬಹುದು. ಯಂತ್ರ ಆರಿಸಿ ಹಚ್ಚಿದರೆ ಸುಳಿವೂ ಉಳಿಯದೇ ಹೋಗಬಹುದು. ಪಿಕ್ಸೆಲ್ 6ರಂಥ ಆಗಿನ ಹೊಸ ಆಂಡ್ರಾಯ್ಡ್ ಫೋನಿನಲ್ಲೂ ಇದು ಇತ್ತು. ಹಳೇ ಕರ್ನಲ್ ಇದ್ದ ಅಗ್ಗದ ಫೋನ್‌ಗಳಿಗೆ ತಾಗಲಿಲ್ಲ.

ಇದನ್ನು ಕಂಡುಹಿಡಿದವರು ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ಜರ್ಮನ್ ಪ್ರೋಗ್ರಾಮರ್. ಅವರು ದೋಷ ಹುಡುಕುತ್ತ ಕೂತವರಲ್ಲ. 2021ರ ಏಪ್ರಿಲ್‌ನಲ್ಲಿ ಅವರ ಕಂಪನಿಯ ಗಿರಾಕಿಯೊಬ್ಬರು ದೂರು ಕೊಟ್ಟರು, ಲಾಗ್ ಫೈಲ್ (ಸರ್ವರ್‌ನಲ್ಲಿ ನಡೆದದ್ದರ ದಿನದ ದಾಖಲೆ) ಬಿಚ್ಚಿಕೊಳ್ಳುತ್ತಿಲ್ಲ ಅಂತ. ಸರಿಮಾಡಿ ಕೊಟ್ಟರು. ತಿಂಗಳುಗಳಾದ ಮೇಲೆ ಮತ್ತೆ ಅದೇ ದೂರು. ಆಮೇಲೆ ಮತ್ತೊಮ್ಮೆ. ಕೆಟ್ಟ ಫೈಲ್‌ಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ ಹೆಚ್ಚಿನವು ತಿಂಗಳ ಕೊನೆಯ ದಿನದವು. ಪ್ರತಿಯೊಂದರಲ್ಲೂ ಕೆಟ್ಟದ್ದು ಕೊನೆಯ 8 ಬೈಟ್. ಅದರಲ್ಲಿ ಮೊದಲ ಎರಡು ‘ಪಿ’ ಮತ್ತು ‘ಕೆ’. ಜಿಪ್ ಫೈಲಿನ ಗುರುತು ಅದು, ಆ ವಿಧಾನ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ತಿಂಗಳ ಲಾಗ್‌ಗಳನ್ನೆಲ್ಲ ಒಂದು ಜಿಪ್ ಮಾಡಿ ಕೊಡುವ ಪ್ರೋಗ್ರಾಂ ಕೊನೆಯ ಫೈಲ್ ಕಳಿಸಿದ ಮೇಲೆ ಪೈಪ್‌ಗೆ ಬರೆಯುತ್ತಿದ್ದ ಅಕ್ಷರಗಳು ಹೋಗಿ ಆ ಫೈಲಿನೊಳಗೇ ಕೂತಿದ್ದವು! ಆ ಪ್ರೋಗ್ರಾಂಗೆ ಫೈಲ್ ತಿದ್ದುವ ಅನುಮತಿಯೇ ಇರಲಿಲ್ಲ. ತನ್ನ ಕೋಡ್‌ನಲ್ಲಿ ತಪ್ಪಿಲ್ಲ, ತಪ್ಪು ಕರ್ನಲ್‌ನಲ್ಲೇ ಇದೆ ಅಂತ ಖಾತ್ರಿಯಾಗಲು ಅವರಿಗೆ 2022ರ ಫೆಬ್ರವರಿಯೇ ಬಂತು.

ನಾನೂ ದಿನಾ ದೂರು ಕೇಳುವವಳು. ‘ಇನ್ನೊಂದ್ಸಲ ಪ್ರಿಂಟ್ ಕೊಡ್ರೀ, ಬರ್ತದ’ ಅಂತ ಹೇಳಿ ಫೋನ್ ಇಟ್ಟದ್ದು ಎಷ್ಟು ಸಲವೋ. ಆ 8 ಬೈಟ್‌ಗಳ ಬಗ್ಗೆ ಓದಿದ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎರಡನೇ ಸಲ ಬಂದ ದೂರನ್ನು ತಾರೀಕಿನ ಸಮೇತ ಅದರಲ್ಲಿ ಬರೆಯುತ್ತೇನೆ.

ದುರಸ್ತಿ ಎಷ್ಟು ಗೊತ್ತಾ? ಎರಡು ಸಾಲು. ಎರಡು ಜಾಗದಲ್ಲಿ ಗುರುತಿಗೆ ಸೊನ್ನೆ ಹಾಕುವುದು. ಕರ್ನಲ್ ಬರೆದಿರುವ ಸಿ ಭಾಷೆಯಲ್ಲಿ ಹಳೇ ಜಾಗ ಮತ್ತೆ ಬಳಸುವಾಗ ಒರೆಸುವ ಹೊಣೆ ಬರೆಯುವವರದ್ದೇ. ಮರೆತರೆ ಕೇಳುವವರಿಲ್ಲ. 2022ರ ಡಿಸೆಂಬರ್‌ನ 6.1 ಕರ್ನಲ್‌ನಿಂದ ರಸ್ಟ್ ಭಾಷೆಗೂ ಲಿನಕ್ಸ್‌ನಲ್ಲಿ ಜಾಗ ಸಿಕ್ಕಿದೆ. ಅದರಲ್ಲಿ ಹೊಸದಾಗಿ ಖಾನೆ ಕಟ್ಟುವಾಗ ಯಾವುದಾದರೂ ಭಾಗಕ್ಕೆ ಬೆಲೆ ಕೊಡದೆ ಬಿಟ್ಟರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮುಂದೆ ಹೋಗಲು ಬಿಡುವುದಿಲ್ಲ. ಹಳೇ ಖಾನೆಯನ್ನೇ ತಿದ್ದುತ್ತ ಹೋದರೆ ಅಲ್ಲೂ ಮರೆಯಬಹುದು. ಆದರೂ ಕರ್ನಲ್‌ನಲ್ಲಿ ಅದು ಇನ್ನೂ ಹೆಚ್ಚು ಬರಬೇಕು ಅಂತ ನನಗೆ ಅನಿಸುತ್ತದೆ. ಎಲ್ಲವನ್ನೂ ಮನುಷ್ಯರೇ ನೆನಪಿಡಬೇಕು ಅಂದರೆ ಕಷ್ಟ.

ನಮ್ಮ ಸರ್ವರ್‌ನಲ್ಲಿ ಇದ್ದದ್ದು ಡೆಬಿಯನ್ 11 ಎಂಬ ಲಿನಕ್ಸ್, ಅದರ ಕರ್ನಲ್ 5.10. ದೋಷ ಇದ್ದದ್ದೇ. ಹತ್ತು ನಿಮಿಷ ನಿಲ್ಲಿಸಬೇಕು ಅಂದರೆ ಮ್ಯಾನೇಜರ್ ಒಪ್ಪಲಿಲ್ಲ, ಲಾರಿ ತುಂಬುತ್ತಿತ್ತು. ರಾತ್ರಿ ಒಂಬತ್ತರವರೆಗೆ ಕಾದು ಅಪ್‌ಡೇಟ್ ಹಾಕಿ ಮನೆಗೆ ಹೋದೆ.

ಅಪ್ಪ ಊಟ ಮಾಡದೆ ಕೂತಿದ್ದ. ಯಾಕ ತಡಾ ಅಂದ. ರೊಟ್ಟಿ ಮುರಿಯುತ್ತ ಎಲ್ಲ ಹೇಳಿದೆ. ಖಾನೆ ಅನ್ನದೆ ಚೀಲ ಅಂತಲೇ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ.

“ಸುರುವಿದಾಂವಗ ಏನಂದ್ರು ಯವ್ವಾ?”

“ಏನೂ ಅನ್ನಲಿಲ್ಲಪ್ಪ. ಸುರುವೋ ಕೋಡ್ ಮುಟ್ಟಲೇ ಇಲ್ಲ. ಚೀಲ ಜೋಡಿಸೋ ಕಡೆ ಮಾತ್ರ ತಿದ್ದಿದ್ರು.”

ಅಪ್ಪ ಕೈ ತೊಳೆಯಲು ಎದ್ದ. ಇನ್ನೊಂದ್ಸಲ ಹೇಳು ಅಂದ.